ಗಂಜಿಗೆ ಬಂದ ಅಜ್ಜಿಯ ಕಥೆಯನ್ನೂ ಬರೆಯೋಣ

ಯಾವುದಾದರೂ ಹಳೆಯ ಚರ್ಚಿನ ಸ್ಮರಣ ಸಂಚಿಕೆ ಕೈಗೆ ಸಿಕ್ಕರೆ ತೆರೆದು ನೋಡಿ. ಮೊದಲ ಪುಟದಲ್ಲಿ ಗಡ್ಡ ಬಿಟ್ಟ ಜರ್ಮನ್ ಪಾದ್ರಿಯ ಫೋಟೊ. ಆಮೇಲೆ ಈಗಿನ ದೊಡ್ಡವರ ಶುಭ ಸಂದೇಶಗಳು. ಆಮೇಲೆ ಜಾಹೀರಾತು. ನಡುವಿನ ನೂರೈವತ್ತು ವರ್ಷ ಆ ಸಭೆಯನ್ನು ಹೊತ್ತು ನಡೆಸಿದ ಜನ ಎಲ್ಲಿ ಹೋದರು ಎಂದು ಕೇಳಿದರೆ ಉತ್ತರ ಇಲ್ಲ.

ನಾವಿಬ್ಬರು ಗಂಡ ಹೆಂಡತಿ. ಒಬ್ಬರು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಇನ್ನೊಬ್ಬರು ನರ್ಸ್ ಆಗಿ ದುಡಿದು ನಿವೃತ್ತರಾದವರು. ಮಕ್ಕಳು ತಮ್ಮ ತಮ್ಮ ದಾರಿ ಹಿಡಿದ ಮೇಲೆ, ಕೈಕಾಲು ಗಟ್ಟಿ ಇರುವಾಗಲೇ ಎರಡು ವರ್ಷ ಒಂದು ಹಳ್ಳಿ ಸಭೆಗೆ ಸೇವೆ ಕೊಡೋಣ ಎಂದು ಗದಗ ಸೀಮೆಗೆ ಹೋದೆವು. ಅಮೆರಿಕದ ಕೆಲವು ಪಂಗಡಗಳಲ್ಲಿ ನಿವೃತ್ತ ದಂಪತಿಗಳು ಹೀಗೆ ಸ್ವಂತ ಖರ್ಚಿನಲ್ಲಿ ಹೋಗುವುದು ರೂಢಿ. ಅವರನ್ನು ಹಿರಿಯ ಮಿಷನರಿಗಳು ಎನ್ನುತ್ತಾರೆ. ನಮ್ಮ ಕಡೆ ಆ ಹೆಸರು ಅಷ್ಟಾಗಿ ಬಳಕೆಯಲ್ಲಿಲ್ಲ. ಹಳ್ಳಿಯವರು ನಮ್ಮನ್ನು ‘ಸರ್’, ‘ಸಿಸ್ಟರ್’ ಎಂದೇ ಕರೆದರು.

ಹೋದದ್ದು ಮಕ್ಕಳಿಗೆ ಪಾಠ ಹೇಳಲು, ಮುದುಕರಿಗೆ ಬಿಪಿ ನೋಡಲು. ಆದರೆ ಕೆಲವೇ ತಿಂಗಳಲ್ಲಿ ಬೇರೊಂದು ಕೆಲಸ ಮೈಮೇಲೆ ಬಿತ್ತು. ಸಭೆಯ ಇತಿಹಾಸ ಬರೆಯಬೇಕು, ನಿಮಗೆ ಬರವಣಿಗೆ ಗೊತ್ತು, ನೀವೇ ಬರೆಯಿರಿ ಎಂದರು. ನಾವು ನೋಟ್‌ಬುಕ್ ಹಿಡಿದು ಮನೆ ಮನೆಗೆ ಹೋದೆವು. ಎಂಬತ್ತು ದಾಟಿದ ಒಬ್ಬ ತಾಯಿ ಚಹಾ ಕೊಟ್ಟು, ಎಲೆ ಅಡಿಕೆ ಹಾಕಿಕೊಂಡು, ಒಂದು ತಾಸು ಹೇಳಿದರು. ಕೊನೆಗೆ ನಮ್ಮ ಪೆನ್ನಿನ ಮೇಲೆ ಕೈಯಿಟ್ಟರು.

“ಇಷ್ಟೂ ಹೇಳೀನಿ, ಖರೆ. ಆದ್ರ ನಮ್ಮವ್ವನ ಅವ್ವ ಬರಗಾಲದಾಗ ಗಂಜಿಗೆ ಬಂದಾಕಿ ಅನ್ನೂದು ಮಾತ್ರ ಬರೀಬ್ಯಾಡ್ರಿ ಸರ್. ಮೊಮ್ಮಕ್ಕಳಿಗೆ ನಾಳೆ ಯಾರರೆ ಅಂದು ತೋರಿಸ್ತಾರ.”

ಆ ಮಾತಿಗೆ ನಮ್ಮಲ್ಲಿ ತಕ್ಷಣ ಉತ್ತರ ಇರಲಿಲ್ಲ. ‘ಗಂಜಿಗಾಗಿ ಧರ್ಮ ಬಿಟ್ಟವರು’ ಎಂಬ ಮಾತನ್ನು ನಾವೂ ಶಾಲೆಯಲ್ಲಿ, ಬಸ್ಸಿನಲ್ಲಿ, ಈಗೀಗ ವಾಟ್ಸಾಪಿನಲ್ಲಿ ಕೇಳಿಕೊಂಡೇ ಬಂದವರು. ಅದಕ್ಕೆ ಹೆದರಿ ನಮ್ಮ ಸ್ಮರಣ ಸಂಚಿಕೆಗಳು ಹಸಿವಿನ ಪುಟವನ್ನೇ ಹರಿದು ಹಾಕಿವೆ. ಅತ್ತ ಹಂಗಿಸುವವರು ಆ ಒಂದೇ ಪುಟ ಹಿಡಿದು ಇಡೀ ಪುಸ್ತಕ ಇಷ್ಟೇ ಎನ್ನುತ್ತಾರೆ. ಎರಡೂ ತಪ್ಪು ಎಂದು ಹೇಳಲು ನಾವು ಈ ಲೇಖನ ಬರೆಯುತ್ತಿದ್ದೇವೆ. ಸಭೆಯ ಆರಂಭದ ಕಥೆ ಇದ್ದದ್ದು ಇದ್ದ ಹಾಗೆ ಬರೆಯಬೇಕು. ಅದನ್ನು ಬರೆಯುವ ಕೆಲಸಕ್ಕೆ ನಮ್ಮಂಥ ನಿವೃತ್ತರು ಮುಂದೆ ಬರಬೇಕು.

ಈಗ ಇದ್ದದ್ದು ಇದ್ದ ಹಾಗೆ ನೋಡೋಣ.

ಬಾಸೆಲ್ ಮಿಷನ್ ಸಂಸ್ಥೆ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1815ರಲ್ಲಿ ಹುಟ್ಟಿತು. ಅದರ ಮೊದಲ ಮೂವರು ಮಿಷನರಿಗಳಾದ ಹೆಬಿಕ್, ಲೇನರ್ ಮತ್ತು ಗ್ರೈನರ್ ಮಂಗಳೂರು ಮುಟ್ಟಿದ್ದು 1834ರ ಅಕ್ಟೋಬರ್ 30ರಂದು. ಅಲ್ಲಿಂದ ಘಟ್ಟ ಹತ್ತಿ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿಗೆ ಬಂದರು. ಗದಗ ಕಡೆಯವರು ಇವತ್ತಿಗೂ ‘ಜರ್ಮನ್ ಆಸ್ಪತ್ರೆ’ ಎನ್ನುವುದು ಈ ಬೆಟಗೇರಿಯ ಮಿಷನ್ ಆಸ್ಪತ್ರೆಯನ್ನೇ.

ಆ ಕಾಲದ ಒಂದು ಘಟನೆ ನಮ್ಮನ್ನು ಬೆರಗುಗೊಳಿಸಿತು. ಧಾರವಾಡ ಸೀಮೆಯಲ್ಲಿ ಕಾಲಜ್ಞಾನ ನಂಬುವ ಜನ ಇದ್ದರು. ಮುಂದೊಬ್ಬ ಬಂದು ಲೋಕ ಸರಿಮಾಡುತ್ತಾನೆ ಎಂದು ಅವರ ನಂಬಿಕೆ. ಅವರಲ್ಲಿ ಕೆಲವರು ಮಿಷನರಿಗಳ ಬಳಿಗೆ ಬಂದು ಮಾತಾಡಿದರು. ಇನ್ನೇನು ಇಡೀ ಸಮುದಾಯವೇ ಬಂದು ಸೇರುತ್ತದೆ ಎಂದು ಮಿಷನರಿಗಳು ಹಿಗ್ಗಿದರು. ಬರುವವರಿಗೆ ಇರಲು, ಉಳಲು ಜಾಗ ಬೇಕಲ್ಲ? ಗದಗ ಹತ್ತಿರದ ಮಲ್ಲಸಮುದ್ರದಲ್ಲಿ ಜಮೀನು ಹಿಡಿದು ಒಂದು ಊರನ್ನೇ ಕಟ್ಟಲು ಹೊರಟರು. ಆದರೆ ಅಂದುಕೊಂಡ ಜನ ಬರಲಿಲ್ಲ. ಮಾತಾಡಿದವರು ಮಾತಾಡಿ ಮನೆಗೆ ಹೋದರು. ಆ ಕನಸು ಅಲ್ಲಿಗೇ ನಿಂತಿತು.

ಇದನ್ನು ಸ್ವಲ್ಪ ಯೋಚಿಸಿ. ಜಮೀನು ತೋರಿಸಿದರೂ ಜನ ಬರಲಿಲ್ಲ. ನಮ್ಮ ಹಳ್ಳಿಗರು ಏನು ಕೊಟ್ಟರೂ ಹಿಂದೆ ಹೋಗುವ ಕುರಿಗಳಾಗಿರಲಿಲ್ಲ. ತಮ್ಮ ಬುದ್ಧಿಯಿಂದ ತೂಗಿ ನೋಡಿ ಬೇಡ ಎಂದರು. ಬೇಡ ಎನ್ನಲು ಬುದ್ಧಿ ಇದ್ದ ಜನರಿಗೆ, ಬೇಕು ಎನ್ನಲೂ ಬುದ್ಧಿ ಇತ್ತು ಎಂದು ಒಪ್ಪಬೇಕಲ್ಲವೆ?

ಇನ್ನೊಂದು ಕಡೆ ನೋಡಿ. ಮಂಗಳೂರಿನ ಮಿಷನ್ ಶಾಲೆಯಲ್ಲಿ ಓದುತ್ತಿದ್ದ ಮೂವರು ಬ್ರಾಹ್ಮಣ ತರುಣರು 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದರು. ಅವರಲ್ಲಿ ಒಬ್ಬರು ಆನಂದರಾವ್ ಕೌಂಡಿನ್ಯ. ಅವರಿಗೆ ಗಂಜಿಯ ಕೊರತೆ ಇರಲಿಲ್ಲ. ಅವರು ಪಡೆದದ್ದಕ್ಕಿಂತ ಕಳೆದುಕೊಂಡದ್ದೇ ಹೆಚ್ಚು. ಮನೆ ಹೋಯಿತು, ಬಂಧು ಬಳಗ ದೂರವಾಯಿತು. ಅವರು ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಬಂದು ಇಲ್ಲೇ ಸೇವೆ ಮಾಡಿದರು.

ಮೂರನೆಯದು ಬರಗಾಲ. 1876ರಿಂದ 1878ರವರೆಗೆ ಬಿದ್ದ ಬರವನ್ನು ಹಿರಿಯರು ಧಾತು ಈಶ್ವರ ಬರ ಎನ್ನುತ್ತಾರೆ. ಸಂವತ್ಸರಗಳ ಹೆಸರೇ ಬರದ ಹೆಸರಾಗಿ ಉಳಿದಿದೆ. ಮಳೆ ಹೋಯಿತು, ಕಾಳು ಹೋಯಿತು, ದನ ಹೋದವು, ಜನ ಊರು ಬಿಟ್ಟರು. ತಂದೆ ತಾಯಿ ದಾರಿಯಲ್ಲೇ ಸತ್ತರೆ ಮಕ್ಕಳು ಯಾರ ಬಾಗಿಲಿಗೆ ಹೋಗಬೇಕು? ಮಿಷನ್ ಅನಾಥಾಲಯಗಳು ಅಂಥ ಮಕ್ಕಳನ್ನು ಸೇರಿಸಿಕೊಂಡವು. ಆ ಮಕ್ಕಳು ಅಲ್ಲೇ ಬೆಳೆದರು, ಅಕ್ಷರ ಕಲಿತರು, ಅಲ್ಲೇ ಮದುವೆಯಾದರು. ಉತ್ತರ ಕರ್ನಾಟಕದ ಎಷ್ಟೋ ಕ್ರೈಸ್ತ ಮನೆತನಗಳ ಬೇರು ಹುಡುಕುತ್ತ ಹೋದರೆ ಆ ಬರದ ಬಾಗಿಲಿಗೆ ಬಂದು ನಿಲ್ಲುತ್ತೀರಿ.

ಈ ಮೂರನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ಒಂದೇ ಕಾರಣ ಹೇಳಲು ಬರುವುದಿಲ್ಲ. ಒಬ್ಬರು ಜಮೀನು ಬೇಡ ಎಂದರು. ಇನ್ನೊಬ್ಬರು ಎಲ್ಲ ಕಳೆದುಕೊಂಡು ಬಂದರು. ಮತ್ತೊಬ್ಬರು ಹಸಿದು ಬಂದರು. ಹಸಿದು ಬಂದವರ ನಂಬಿಕೆ ಕಡಿಮೆ ತೂಕದ್ದು ಎಂದು ಹೇಳುವವರು, ಮೂರು ದಿನ ಊಟವಿಲ್ಲದ ಮಗುವಿನ ಜಾಗದಲ್ಲಿ ತಮ್ಮನ್ನು ಇಟ್ಟು ನೋಡಲಿ. ಬರದಲ್ಲಿ ಗಂಜಿ ಉಂಡದ್ದು ಅವಮಾನ ಅಲ್ಲ. ಬರದಲ್ಲಿ ಮಗು ಗಂಜಿಯಿಲ್ಲದೆ ಸತ್ತಿದ್ದರೆ ಅದು ನಾಡಿಗೇ ಅವಮಾನ.

ಹಾಗೆಂದು ಮಿಷನ್ನಿನ ಬರೀ ಹೊಗಳಿಕೆ ಬರೆಯಬೇಕು ಎಂದೂ ನಾವು ಹೇಳುತ್ತಿಲ್ಲ. ಸಾಕಿದವರ ನಂಬಿಕೆಯನ್ನೇ ಆ ಮಕ್ಕಳು ಕಲಿತು ಬೆಳೆದರು. ಬೇರೆ ಆಯ್ಕೆ ಅವರಿಗೆ ಎಷ್ಟಿತ್ತು ಎಂಬ ಪ್ರಶ್ನೆ ನ್ಯಾಯವಾದದ್ದೇ. ಮಿಷನರಿಗಳು ಬಾಸೆಲ್‌ಗೆ ಕಳಿಸುತ್ತಿದ್ದ ವರದಿಗಳು ಜರ್ಮನ್ ಭಾಷೆಯವು, ಅಲ್ಲಿಯ ದಾನಿಗಳು ಓದಲೆಂದು ಬರೆದವು. ಆ ಮಗು ಏನು ಅಂದುಕೊಂಡಿತು ಎಂಬುದು ಅವುಗಳಲ್ಲಿ ಸಿಗುವುದು ಅಪರೂಪ. ಆ ಪ್ರಶ್ನೆಯನ್ನೂ ಬರೆಯಬೇಕು. ಮುಚ್ಚಿಟ್ಟರೆ ಬೇರೆಯವರು ತಮಗೆ ಬೇಕಾದ ಹಾಗೆ ಬರೆಯುತ್ತಾರೆ.

ಇನ್ನೊಂದು ಮಾತು ಹೆಸರುಗಳ ಬಗ್ಗೆ. ಪ್ರತಿ ವರ್ಷ ಜುಲೈ 1ರಂದು ಪತ್ರಿಕಾ ದಿನ ಮಾಡುತ್ತೇವೆ. 1843ರ ಅದೇ ದಿನ ಹರ್ಮನ್ ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ ಹೊರತಂದರು. ಅದು ಕಲ್ಲಚ್ಚಿನಲ್ಲಿ ಅಚ್ಚಾದ ಪತ್ರಿಕೆ. ಮೊಗ್ಲಿಂಗ್ ಹೆಸರು ನಮಗೆ ಬಾಯಿಪಾಠ. ಆ ಕಲ್ಲಿಗೆ ಮಸಿ ಹಚ್ಚಿದ ಕೈ ಯಾರದು? 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರುವಾದ ಹಂಚಿನ ಕಾರ್ಖಾನೆಯಲ್ಲಿ ಪ್ಲೆಬ್ಸ್ಟ್ ಹೆಸರು ಉಳಿಯಿತು. ಮಣ್ಣು ತುಳಿದವರ ಹೆಸರು ಉಳಿಯಲಿಲ್ಲ. ಹಳ್ಳಿ ಸಭೆಗಳಲ್ಲೂ ಇದೇ ಕಥೆ. ಮಿಷನರಿ ವರ್ಷಕ್ಕೆ ಕೆಲವು ಸಲ ಕುದುರೆಯ ಮೇಲೆ ಬಂದು ಹೋಗುತ್ತಿದ್ದರು. ಉಳಿದ ದಿನ ಸಭೆ ನಡೆಸಿದವರು ಊರಿನ ಉಪದೇಶಿಗಳು. ಹೆಂಗಸರ ನಡುವೆ ಕೂತು ಓದಿ ಹೇಳಿದವರು ‘ಬೈಬಲ್ ಹೆಂಗಸರು’. 1914ರಲ್ಲಿ ಮಹಾಯುದ್ಧ ಶುರುವಾಗಿ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನು ಸೆರೆಯಲ್ಲಿಟ್ಟು, ಆಮೇಲೆ ದೇಶದಿಂದ ಕಳಿಸಿತು. ಆಗ ಸಭೆಗಳು ಮುಚ್ಚಲಿಲ್ಲ ಎಂದರೆ ಅದಕ್ಕೆ ಈ ಹೆಸರಿಲ್ಲದ ಜನರೇ ದೊಡ್ಡ ಕಾರಣ. ಅವರು ಉಳಿಸಿದ ಸಭೆಗಳೇ ಈ ಕಡೆ 1968ರಲ್ಲಿ ದಕ್ಷಿಣ ಭಾರತ ಸಭೆಯಲ್ಲಿ ಸೇರಿದವು.

ಇದನ್ನೆಲ್ಲ ಯಾರು ಬರೆಯಬೇಕು? ಸಭಾಪಾಲಕರಿಗೆ ಪುರುಸೊತ್ತಿಲ್ಲ. ಅವರು ಮೂರು ನಾಲ್ಕು ವರ್ಷಕ್ಕೊಮ್ಮೆ ವರ್ಗವಾಗಿ ಹೋಗುತ್ತಾರೆ. ಹುಡುಗರು ದುಡಿಮೆಗೆಂದು ಬೆಂಗಳೂರು ಸೇರಿದ್ದಾರೆ. ಉಳಿದವರು ನಾವು, ಪಿಂಚಣಿ ತೆಗೆದುಕೊಳ್ಳುವವರು. ನಮ್ಮ ಬಳಿ ಹೊತ್ತು ಇದೆ. ಮುದುಕರು ಮುದುಕರ ಹತ್ತಿರ ಮನಬಿಚ್ಚಿ ಮಾತಾಡುತ್ತಾರೆ. ವಯಸ್ಸಾಯಿತು ಎಂದು ಹಿಂಜರಿಯುವವರು ಕಿಟೆಲ್ ಅವರನ್ನು ನೆನೆಯಲಿ. ಅವರು ಜರ್ಮನಿಗೆ ಮರಳಿ ಹೋದವರು, ಐವತ್ತು ದಾಟಿದ ಮೇಲೆ 1883ರಲ್ಲಿ ಮತ್ತೆ ಇಲ್ಲಿಗೆ ಬಂದರು. ಕನ್ನಡ ಬಲ್ಲವರನ್ನು ಕೇಳಿ ಕೇಳಿ ಮಾಡಿದ ಅವರ ನಿಘಂಟು 1894ರಲ್ಲಿ ಅಚ್ಚಾಯಿತು. ಬೋಧಿಸಲು ಬಂದವರ ಕೆಲಸಗಳಲ್ಲಿ ಇಂದಿಗೂ ಉಳಿದದ್ದು, ಅವರು ಕಿವಿಗೊಟ್ಟು ಕೇಳಿ ಬರೆದುಕೊಂಡದ್ದು.

ನಮ್ಮ ಅನುಭವದಿಂದ ನಾಲ್ಕು ಮಾತು ಹೇಳುತ್ತೇವೆ. ಮಸೀದಿ, ಮಠ, ಗುಡಿ, ಬಸದಿ, ಯಾವುದರ ಇತಿಹಾಸ ಬರೆಯುವವರಿಗೂ ಇವು ಬೇಕಾಗಬಹುದು.

ಒಂದು, ‘ಸಭೆ ಯಾವ ವರ್ಷ ಶುರುವಾಯಿತು’ ಎಂದು ಕೇಳಬೇಡಿ. ಜನ ಹೆದರಿ ಸುಮ್ಮನಾಗುತ್ತಾರೆ. ‘ನಿಮ್ಮ ಅಜ್ಜಿ ಯಾವ ಬಾವಿಯಿಂದ ನೀರು ತರುತ್ತಿದ್ದರು, ಅಲ್ಲಿ ಯಾರಾದರೂ ಬೇಡ ಎನ್ನುತ್ತಿದ್ದರಾ’ ಎಂದು ಕೇಳಿ. ಜಾತಿಯ ಕಥೆ, ಮನೆ ಬಿಟ್ಟ ಕಥೆ, ಮದುವೆಯ ಕಥೆ ತಾನಾಗಿ ಬರುತ್ತದೆ.

ಎರಡು, ಕೇಳಿದ ಮೇಲೆ ಒಪ್ಪಿಗೆ ಪಡೆದು ಮೊಬೈಲಿನಲ್ಲಿ ದನಿ ಹಿಡಿದಿಡಿ. ಬರೆದದ್ದನ್ನು ಅವರಿಗೇ ಓದಿ ಹೇಳಿ. ತಪ್ಪಿದ್ದರೆ ಅವರೇ ತಿದ್ದುತ್ತಾರೆ.

ಮೂರು, ದೀಕ್ಷಾಸ್ನಾನ, ಮದುವೆ, ಮರಣದ ಹಳೆಯ ದಾಖಲೆ ಪುಸ್ತಕಗಳನ್ನು ಗೆದ್ದಲು ತಿನ್ನುವ ಮೊದಲು ಹಗಲ ಬೆಳಕಿನಲ್ಲಿ ಫೋಟೊ ತೆಗೆಯಿರಿ. ಪುಸ್ತಕ ಚರ್ಚಿನಲ್ಲೇ ಇರಲಿ. ಆ ಫೋಟೊಗಳನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಯಾವ ಮನೆ ಯಾವ ಜಾತಿಯಿಂದ ಬಂತು ಎಂಬುದು ಮಂದಿಯ ಬಾಯಿಗೆ ತುತ್ತಾಗಬಾರದು. ಸಮಾಧಿ ಕಲ್ಲುಗಳ ಮೇಲಿನ ಹೆಸರುಗಳನ್ನೂ ಬರೆದುಕೊಳ್ಳಿ.

ನಾಲ್ಕು, ನಿಮ್ಮ ಊರಿನ ಬಗ್ಗೆ ಹೊರಗೆ ಏನಿದೆ ಎಂದು ಹುಡುಕಿ. ಬಾಸೆಲ್ ಮಿಷನ್ನಿನ ಹಳೆಯ ಫೋಟೊಗಳು ಇಂಟರ್‌ನೆಟ್ಟಿನಲ್ಲಿ ನೋಡಲು ಸಿಗುತ್ತವೆ. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನಲ್ಲಿ ಹಳೆಯ ಕಾಗದಪತ್ರಗಳ ಸಂಗ್ರಹ ಇದೆ. ಅಲ್ಲಿ ಸಿಕ್ಕದ್ದನ್ನು ಹಳ್ಳಿಗೆ ತಂದು ಹಿರಿಯರ ಮುಂದೆ ಇಡಿ. ಕಾಗದ ಹೇಳದ್ದನ್ನು ಅವರು ಹೇಳುತ್ತಾರೆ.

ನಮ್ಮ ಎರಡು ವರ್ಷ ಮುಗಿಯುವ ಮೊದಲು ಆ ತಾಯಿಯ ಮನೆಗೆ ಮತ್ತೆ ಹೋದೆವು. ಮಲ್ಲಸಮುದ್ರದ ಕಥೆ ಹೇಳಿದೆವು, ಬರದ ಕಥೆ ಹೇಳಿದೆವು. ಅವರ ಅಜ್ಜಿಯಂಥ ಮಕ್ಕಳು ಒಬ್ಬರಿಬ್ಬರಲ್ಲ ಎಂದೆವು. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಹಂಗಾದ್ರ ಬರೀರಿ. ಆದ್ರ ಸಭಾದ ಪುಸ್ತಕದಾಗ ಅಷ್ಟ ಹೆಸರು ಇರಲಿ. ಹೊರಗ ಹೇಳೂದಿದ್ರ ಹೆಸರು ಬ್ಯಾಡ” ಎಂದರು.

ಹಾಗೇ ಮಾಡಿದ್ದೇವೆ. ಆ ಹೆಸರು ಈಗ ಸಭೆಯ ಪುಸ್ತಕದಲ್ಲಿದೆ, ಜರ್ಮನ್ ಪಾದ್ರಿಯ ಹೆಸರು ಇರುವ ಪುಟದಲ್ಲೇ ಇದೆ. ಇಲ್ಲಿ ಅದನ್ನು ಬರೆದಿಲ್ಲ. ನಿಮ್ಮ ಊರಲ್ಲೂ ಎಂಬತ್ತು ದಾಟಿದ ಒಬ್ಬರು ಇದ್ದಾರೆ. ಈ ಭಾನುವಾರ ಅವರ ಮನೆಗೆ ಹೋಗಿ ಬನ್ನಿ. ಮುಂದಿನ ವರ್ಷ ನೋಡೋಣ ಎಂದರೆ ತಡವಾಗಬಹುದು.