ಹತ್ತು ಲಕ್ಷಕ್ಕೆ ನಿಂತ ಲೆಕ್ಕ

ಕ್ರಿಮಿನಲ್ ಕೋರ್ಟಿನಲ್ಲಿ ಇಬ್ಬರು ವಕೀಲರು ಎದುರುಬದುರಾಗಿ ವಾದಿಸುತ್ತಾರೆ, ಮಕ್ಕಳೇ. ಇಬ್ಬರ ಕೋಟೂ ಕಪ್ಪು, ಇಬ್ಬರೂ ಓದಿದ್ದು ಒಂದೇ ಕಾನೂನು. ಆದರೆ ಒಬ್ಬರು ಸರ್ಕಾರಿ ವಕೀಲರು, ಅಂದರೆ ಪಬ್ಲಿಕ್ ಪ್ರಾಸಿಕ್ಯೂಟರ್. ಕಳ್ಳತನ ಆದದ್ದು ಪಕ್ಕದ ಮನೆಯಲ್ಲೇ ಇರಲಿ, ಅವರು ಮಾತಾಡುವುದು ಇಡೀ ಸಮಾಜದ ಪರವಾಗಿ. ಇನ್ನೊಬ್ಬರು ಖಾಸಗಿ ವಕೀಲರು. ಕಕ್ಷಿದಾರ ಅವರ ಬಳಿ ಬರುತ್ತಾನೆ, ವಕಾಲತ್ತಿಗೆ ಸಹಿ ಹಾಕುತ್ತಾನೆ, ಫೀಸು ಕೊಡುತ್ತಾನೆ. ಅವನ ಪರವಾಗಿ ನಿಲ್ಲುವುದು ಅವರ ಕೆಲಸ. ಕೆಲವು ವರ್ಷ ಸರ್ಕಾರಿ ವಕೀಲರಾಗಿ ದುಡಿದು, ಆಮೇಲೆ ಸ್ವಂತ ಕಚೇರಿ ತೆರೆಯುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಅಂಥವರೊಬ್ಬರ ಕತೆಯನ್ನು ಈ ವಾರ ಹೇಳುತ್ತೇನೆ. ಅವರ ಮೊದಲ ಮೊಕದ್ದಮೆಯಂಥದ್ದು ಬೇರೆ ಯಾವ ವಕೀಲನಿಗೂ ಸಿಕ್ಕಿರಲಾರದು.

ಅವರ ಹೆಸರು ಬೆಂಜಮಿನ್ ಫೆರೆಂಜ್. ಹುಟ್ಟಿದ್ದು 1920ರ ಮಾರ್ಚ್ 11ರಂದು, ಈಗ ರುಮೇನಿಯಾ ದೇಶದಲ್ಲಿರುವ ಟ್ರಾನ್ಸಿಲ್ವೇನಿಯಾ ಸೀಮೆಯ ಒಂದು ಬಡ ಯಹೂದಿ ಕುಟುಂಬದಲ್ಲಿ. ಹತ್ತು ತಿಂಗಳ ಕೂಸನ್ನು ಎತ್ತಿಕೊಂಡು ತಂದೆತಾಯಿ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ತಂದೆ ಬೂಟು ಹೊಲಿಯುವವರು. ನ್ಯೂಯಾರ್ಕಿನಲ್ಲಿ ಕೈಹೊಲಿಗೆಯ ಬೂಟು ಯಾರಿಗೆ ಬೇಕು? ಕೊನೆಗೆ ಬಾಡಿಗೆ ಕಟ್ಟಡಗಳನ್ನು ಗುಡಿಸಿ ನೋಡಿಕೊಳ್ಳುವ ಕೆಲಸ ಸಿಕ್ಕಿತು. ನೆಲಮಾಳಿಗೆಯಲ್ಲೇ ಸಂಸಾರ. ಆರು ವರ್ಷವಾದಾಗ ಬೆನ್‌ನನ್ನು ಶಾಲೆಗೆ ಕರೆದುಕೊಂಡು ಹೋದರೆ, ಹುಡುಗ ತೀರಾ ಸಣ್ಣವನಾಗಿ ಕಾಣುತ್ತಾನೆ, ಇಂಗ್ಲಿಷೂ ಬಾರದು ಎಂದು ವಾಪಸು ಕಳಿಸಿದರು. ಮನೆಯಲ್ಲಿ ಆಡುತ್ತಿದ್ದದ್ದು ಯಿಡ್ಡಿಷ್ ಭಾಷೆ. ಅದೇ ಹುಡುಗ ಮುಂದೆ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿವೇತನ ಪಡೆದು ಕಾನೂನು ಓದಿ, 1943ರಲ್ಲಿ ಪಾಸಾದ. ಎತ್ತರ ಮಾತ್ರ ಕೊನೆಯವರೆಗೂ ಐದಡಿ ಚಿಲ್ಲರೆಯಲ್ಲೇ ಉಳಿಯಿತು.

ಆಗ ಎರಡನೇ ಮಹಾಯುದ್ಧ ನಡೆಯುತ್ತಿತ್ತು. ಕಾನೂನು ಓದಿದ ಯುವಕನನ್ನು ಸೈನ್ಯದವರು ಸಾಮಾನ್ಯ ಸಿಪಾಯಿಯಾಗಿ ಫಿರಂಗಿ ದಳಕ್ಕೆ ಹಾಕಿದರು. ಯುದ್ಧ ಮುಗಿಯುತ್ತ ಬಂದಾಗ ನಾಜಿಗಳ ಅಪರಾಧಗಳ ತನಿಖೆಗೆ ಜನ ಬೇಕಾಯಿತು. ಬೆನ್ ಹಾರ್ವರ್ಡ್‌ನಲ್ಲಿದ್ದಾಗ ಒಬ್ಬ ಪ್ರಾಧ್ಯಾಪಕರಿಗಾಗಿ ಯುದ್ಧಾಪರಾಧಗಳ ವಿಷಯದಲ್ಲಿ ಅಧ್ಯಯನ ಮಾಡಿಕೊಟ್ಟಿದ್ದರು. ಹೀಗೆ ಆ ಕೆಲಸ ಅವರ ಪಾಲಿಗೆ ಬಂತು. ಬುಖೆನ್‌ವಾಲ್ಡ್, ಮೌತ್‌ಹೌಸೆನ್ ಮೊದಲಾದ ಬಂದಿಶಿಬಿರಗಳಿಗೆ ಬಿಡುಗಡೆಯ ಹೊತ್ತಿನಲ್ಲೇ ಹೋಗಿ ಕಡತಗಳನ್ನು ವಶಪಡಿಸಿಕೊಂಡರು. ಅಲ್ಲಿ ಕಂಡದ್ದನ್ನು ಅವರು ಜೀವನಪೂರ್ತಿ ಮರೆಯಲಿಲ್ಲ. ಅದನ್ನೆಲ್ಲ ಇಲ್ಲಿ ಬಿಡಿಸಿ ಹೇಳುವುದಿಲ್ಲ. ಅಜ್ಜ ಅಜ್ಜಿಯರಿಗೆ ಗೊತ್ತಿದ್ದರೆ, ಮಕ್ಕಳ ವಯಸ್ಸು ನೋಡಿಕೊಂಡು ಹೇಳಲಿ.

ಯುದ್ಧ ಮುಗಿದ ಮೇಲೆ ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ ನಾಜಿ ನಾಯಕರ ವಿಚಾರಣೆ ನಡೆಯಿತು. ದೊಡ್ಡ ಮೊಕದ್ದಮೆ ಮುಗಿದ ನಂತರ ಅಮೆರಿಕದವರು ಅಲ್ಲೇ ಇನ್ನೂ 12 ಮೊಕದ್ದಮೆಗಳನ್ನು ನಡೆಸಿದರು. ಅದರ ಮುಖ್ಯ ಪ್ರಾಸಿಕ್ಯೂಟರ್ ಟೆಲ್ಫರ್ಡ್ ಟೇಲರ್. ಅವರು ಫೆರೆಂಜ್ ಅವರನ್ನು ಬರ್ಲಿನ್‌ಗೆ ಕಳಿಸಿ, ಸರ್ಕಾರಿ ಕಡತಗಳನ್ನು ಜಾಲಾಡಲು ಹೇಳಿದರು. ಒಂದು ದಿನ ಅವರ ತಂಡದ ಕೈಗೆ ಕೆಲವು ಫೈಲುಗಳು ಸಿಕ್ಕವು. ಐನ್‌ಜಾಟ್ಸ್‌ಗ್ರುಪ್ಪೆನ್ ಎಂಬ ಕೊಲೆಪಡೆಗಳು ಪೂರ್ವ ಯುರೋಪಿನಿಂದ ಬರ್ಲಿನ್‌ಗೆ ಕಳಿಸುತ್ತಿದ್ದ ವರದಿಗಳು ಅವು. ಇಂಥ ದಿನ, ಇಂಥ ಊರು, ಕೊಂದವರು ಇಷ್ಟು ಜನ ಎಂದು ಅಚ್ಚುಕಟ್ಟಾಗಿ ಬರೆದಿಟ್ಟಿದ್ದರು.

ಫೆರೆಂಜ್ ಒಂದು ಕೂಡುವ ಯಂತ್ರ ತಂದು ಆ ಅಂಕಿಗಳನ್ನು ಕೂಡಿಸುತ್ತ ಹೋದರು. ಮೊತ್ತ ಹತ್ತು ಲಕ್ಷ ದಾಟಿದ ಮೇಲೆ ಯಂತ್ರ ನಿಲ್ಲಿಸಿಬಿಟ್ಟರು.

ನಾನು ಬ್ಯಾಂಕಿಗೆ ಸೇರಿದ ಕಾಲದಲ್ಲಿ ಕಂಪ್ಯೂಟರ್ ಇರಲಿಲ್ಲ. ಬ್ಯಾಲೆನ್ಸಿಂಗ್ ಬಂತೆಂದರೆ ರಾತ್ರಿಯವರೆಗೂ ಕೂತು ಲೆಡ್ಜರಿನ ಅಂಕಿಗಳನ್ನು ಕೂಡಿಸುತ್ತಿದ್ದೆವು. ಮೊತ್ತ ಹೊಂದಿದರೆ ಚಹಾ, ಹೊಂದದಿದ್ದರೆ ಮತ್ತೆ ಮೊದಲಿನಿಂದ. ನಮ್ಮ ಅಂಕಿಗಳು ರೂಪಾಯಿ, ಪೈಸೆ. ಅವರು ಕೂಡಿಸಿದ್ದು ಮನುಷ್ಯರನ್ನು. ಅವರಲ್ಲಿ ನಿಮ್ಮ ವಯಸ್ಸಿನ ಮಕ್ಕಳೂ ಇದ್ದರು, ನನ್ನ ವಯಸ್ಸಿನ ಮುದುಕರೂ ಇದ್ದರು. ಅವರು ಯಂತ್ರ ನಿಲ್ಲಿಸಿದ್ದು ಯಾಕೆಂದು ನನಗೆ ಯಾರೂ ವಿವರಿಸಬೇಕಾಗಿಲ್ಲ.

ಆ ಫೈಲುಗಳನ್ನು ಹಿಡಿದು ಫೆರೆಂಜ್ ಟೇಲರ್ ಅವರ ಬಳಿಗೆ ಹೋದರು. ಇನ್ನೊಂದು ಮೊಕದ್ದಮೆ ಹೂಡಬೇಕು ಎಂದರು. ಮಂಜೂರಾದ ಹಣವೆಲ್ಲ ಹಂಚಿಹೋಗಿದೆ, ಬಿಡುವಿರುವ ವಕೀಲರೂ ಇಲ್ಲ ಎಂದು ಟೇಲರ್ ಹೇಳಿದರು. ಫೆರೆಂಜ್ ಬಿಡಲಿಲ್ಲ. ಹಾಗಾದರೆ ಈಗಿರುವ ಕೆಲಸದ ಜೊತೆಗೆ ಇದನ್ನೂ ನೀನೇ ಮಾಡುತ್ತೀಯಾ ಎಂದು ಟೇಲರ್ ಕೇಳಿದರು. ಮಾಡುತ್ತೇನೆ ಎಂದರು. ಆಗ ಅವರಿಗೆ 27 ವರ್ಷ. ಅದಕ್ಕೆ ಮುಂಚೆ ಒಂದೇ ಒಂದು ಮೊಕದ್ದಮೆಯನ್ನೂ ಅವರು ನಡೆಸಿರಲಿಲ್ಲ.

ಆ ಪಡೆಗಳಲ್ಲಿ ಸುಮಾರು 3,000 ಜನರಿದ್ದರು. ಕಟಕಟೆಯಲ್ಲಿ ಕೂರಲು ಜಾಗವಿದ್ದದ್ದು 24 ಜನರಿಗೆ. ಹುದ್ದೆಯಲ್ಲಿ ದೊಡ್ಡವರನ್ನು, ಹೆಚ್ಚು ಓದಿದವರನ್ನು ಆರಿಸಿದರು. ಹೌದು, ಓದಿದವರನ್ನೇ. ಆರೋಪಿಗಳಲ್ಲಿ ಡಾಕ್ಟರೇಟ್ ಪಡೆದವರಿದ್ದರು, ಕಟ್ಟಡಗಳ ನಕ್ಷೆ ತಯಾರಿಸುತ್ತಿದ್ದವನೊಬ್ಬನಿದ್ದ, ಹಿಂದೆ ಪಾದ್ರಿಯಾಗಿದ್ದವನೊಬ್ಬನಿದ್ದ, ಸಂಗೀತ ನಾಟಕಗಳ ಹಾಡುಗಾರನೊಬ್ಬನಿದ್ದ. ಮಾರ್ಕ್ಸ್ ಕಾರ್ಡಿನಲ್ಲಿ ಒಳ್ಳೆಯ ಅಂಕ ಬಂದರೆ ಸಾಕು ಎನ್ನುವ ನಮ್ಮ ಮನೆಗಳವರು ಈ ಪಟ್ಟಿಯನ್ನು ಒಮ್ಮೆ ಓದಬೇಕು.

1947ರ ಸೆಪ್ಟೆಂಬರ್ 29ರಂದು ವಿಚಾರಣೆ ಶುರುವಾಯಿತು. ಸೇಡು ತಮ್ಮ ಗುರಿಯಲ್ಲ, ಪ್ರತಿಯೊಬ್ಬ ಮನುಷ್ಯನೂ ನೆಮ್ಮದಿಯಿಂದ ಬಾಳುವ ಹಕ್ಕನ್ನು ಕಾನೂನು ಕಾಪಾಡಬೇಕು ಎಂಬುದೇ ತಮ್ಮ ಬೇಡಿಕೆ ಎಂಬ ಅರ್ಥದ ಮಾತುಗಳಿಂದ ಫೆರೆಂಜ್ ಆರಂಭಿಸಿದರು. ಒಬ್ಬ ಸಾಕ್ಷಿಯನ್ನೂ ಅವರು ಕರೆಸಲಿಲ್ಲ. ಸಾಕ್ಷಿಯ ನೆನಪನ್ನು ಪಾಟೀಸವಾಲಿನಲ್ಲಿ ಅಲುಗಾಡಿಸಬಹುದು. ಆರೋಪಿಗಳೇ ಬರೆದು ಕಳಿಸಿದ ವರದಿಯನ್ನು ಅಲುಗಾಡಿಸುವುದು ಹೇಗೆ? ಎರಡೇ ದಿನದಲ್ಲಿ ಪ್ರಾಸಿಕ್ಯೂಷನ್ ತನ್ನ ಸಾಕ್ಷ್ಯ ಮುಗಿಸಿತು. ಆರೋಪಿಗಳಿಗೂ ವಕೀಲರಿದ್ದರು. ಅವರ ವಾದಕ್ಕೆ ಕೋರ್ಟು ತಿಂಗಳುಗಟ್ಟಲೆ ಸಮಯ ಕೊಟ್ಟಿತು. ಇದನ್ನೂ ಗಮನಿಸಿ ಮಕ್ಕಳೇ. ಲಕ್ಷಗಟ್ಟಲೆ ಜನರಿಗೆ ಒಂದು ಮಾತಾಡಲೂ ಅವಕಾಶ ಕೊಡದೆ ಕೊಂದವರಿಗೆ, ಬೇಕಾದಷ್ಟು ಮಾತಾಡುವ ಅವಕಾಶವನ್ನು ಕಾನೂನು ಕೊಟ್ಟಿತು.

24 ಜನರಲ್ಲಿ ಒಬ್ಬ ಆತ್ಮಹತ್ಯೆ ಮಾಡಿಕೊಂಡಿದ್ದ, ಒಬ್ಬನನ್ನು ಕಾಯಿಲೆಯ ಕಾರಣ ಕೈಬಿಟ್ಟರು. ಉಳಿದ 22 ಜನರೂ ಅಪರಾಧಿಗಳೆಂದು 1948ರ ಏಪ್ರಿಲ್‌ನಲ್ಲಿ ತೀರ್ಪು ಬಂತು. ಫೆರೆಂಜ್ ಮರಣದಂಡನೆ ಕೇಳಿರಲಿಲ್ಲ. ನ್ಯಾಯಾಧೀಶರು 14 ಜನರಿಗೆ ಅದನ್ನೇ ವಿಧಿಸಿದರು. ಕೊನೆಗೆ 1951ರಲ್ಲಿ ಗಲ್ಲಿಗೇರಿದವರು ನಾಲ್ವರು. ಉಳಿದ ಹೆಚ್ಚಿನವರ ಶಿಕ್ಷೆ ಕಡಿಮೆಯಾಗುತ್ತ ಹೋಗಿ, 1958ರ ಹೊತ್ತಿಗೆ ಜೈಲಿನಲ್ಲಿ ಯಾರೂ ಉಳಿದಿರಲಿಲ್ಲ.

ಇಲ್ಲಿಗೆ ಸರ್ಕಾರಿ ವಕೀಲನ ಕೆಲಸ ಮುಗಿಯಿತು. ಆದರೆ ಬದುಕಿ ಉಳಿದವರ ಗತಿ ಏನು? ಅವರ ಮನೆ, ಅಂಗಡಿ, ಜಮೀನು ಬೇರೆಯವರ ಕೈಯಲ್ಲಿತ್ತು. ಖಾತೆದಾರರು ತೀರಿಕೊಂಡರೆ ವಾರಸುದಾರರು ಕಾಗದಪತ್ರ ಹಿಡಿದು ಬ್ಯಾಂಕಿಗೆ ಬರುತ್ತಾರೆ. ವಾರಸುದಾರರೂ ಉಳಿದಿಲ್ಲದಿದ್ದರೆ ಆಸ್ತಿ ಯಾರದು? ಕೊಂದವರಿಗೇ ಸೇರಬೇಕೆ? ಹಾಗಾಗಬಾರದೆಂದು ವಾರಸುದಾರರಿಲ್ಲದ ಯಹೂದಿ ಆಸ್ತಿಯನ್ನು ಮರಳಿ ಪಡೆಯುವ ಒಂದು ಸಂಸ್ಥೆ ಹುಟ್ಟಿತು. ಅದನ್ನು ನಡೆಸುವ ಹೊಣೆಯನ್ನು ಫೆರೆಂಜ್ ಹೊತ್ತರು. 1952ರಲ್ಲಿ ಪಶ್ಚಿಮ ಜರ್ಮನಿ ಪರಿಹಾರ ಕೊಡುವ ಒಪ್ಪಂದ ಮಾಡಿಕೊಂಡಾಗ ಆ ಮಾತುಕತೆಯಲ್ಲೂ ಅವರಿದ್ದರು. ಇಸ್ರೇಲಿಗೆ 300 ಕೋಟಿ ಮಾರ್ಕ್, ಯಹೂದಿ ಸಂಸ್ಥೆಗಳ ಒಕ್ಕೂಟಕ್ಕೆ 45 ಕೋಟಿ ಮಾರ್ಕ್ ಎಂದು ನಿರ್ಧಾರವಾಯಿತು. ಹೋದ ಜೀವಕ್ಕೆ ಬೆಲೆ ಕಟ್ಟಲಾಗದು. ಆದರೂ ಉಳಿದವರಿಗೆ ಔಷಧಿ, ಅನ್ನ, ಸೂರು ಬೇಕಲ್ಲ.

1956ರಲ್ಲಿ ಹೆಂಡತಿ, ನಾಲ್ಕು ಮಕ್ಕಳೊಡನೆ ಅಮೆರಿಕಕ್ಕೆ ಮರಳಿ, ನ್ಯೂಯಾರ್ಕಿನಲ್ಲಿ ಖಾಸಗಿ ವಕೀಲಿ ಶುರುಮಾಡಿದರು. ಹಳೆಯ ಮೇಲಧಿಕಾರಿ ಟೇಲರ್ ಅವರೇ ಈಗ ಪಾಲುದಾರರು. ಹಾಗೆಂದು ಹಳೆಯ ಹೊಣೆಯನ್ನು ಬಿಡಲಿಲ್ಲ. ಯುದ್ಧಕಾಲದಲ್ಲಿ ಜರ್ಮನಿಯ ದೊಡ್ಡ ಕಾರ್ಖಾನೆಗಳು ಬಂದಿಗಳನ್ನು ಕೂಲಿಯಿಲ್ಲದೆ ದುಡಿಸಿಕೊಂಡಿದ್ದವು. ಆ ಕಂಪನಿಗಳಿಂದ ಪರಿಹಾರ ಪಡೆಯುವ ಪ್ರಯತ್ನದಲ್ಲಿ ವರ್ಷಗಟ್ಟಲೆ ತೊಡಗಿದರು. ಸಿಕ್ಕಿದ್ದು ಅಲ್ಪ. ಆ ಅನುಭವವನ್ನು 1979ರಲ್ಲಿ ಪುಸ್ತಕವಾಗಿಯೂ ಬರೆದರು.

ಐವತ್ತು ದಾಟಿದ ವಕೀಲರಿಗೆ ಹೆಸರು, ಸಂಪಾದನೆ ಎರಡೂ ಕೈಗೆ ಬರುವ ಕಾಲ. ಫೆರೆಂಜ್ ಆ ವಯಸ್ಸಿನ ಆಸುಪಾಸಿನಲ್ಲೇ ವಕೀಲಿಯಿಂದ ಹಿಂದೆ ಸರಿಯತೊಡಗಿದರು. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ ದಿನಗಳು. ನ್ಯೂರೆಂಬರ್ಗ್ ಒಮ್ಮೆ ನಡೆದು ಮುಗಿದರೆ ಸಾಲದು, ಇಂಥ ಅಪರಾಧಗಳಿಗೆ ಶಾಶ್ವತವಾದ ಅಂತರರಾಷ್ಟ್ರೀಯ ಕೋರ್ಟ್ ಬೇಕು ಎಂದು ಬರೆಯತೊಡಗಿದರು, ಕಂಡಕಂಡವರಿಗೆ ಹೇಳತೊಡಗಿದರು. ಈ ಕೆಲಸಕ್ಕೆ ಕಕ್ಷಿದಾರರೂ ಇಲ್ಲ, ಫೀಸೂ ಇಲ್ಲ. 1998ರ ಜುಲೈನಲ್ಲಿ ರೋಮ್ ನಗರದಲ್ಲಿ ಮತಕ್ಕೆ ಹಾಕಿದಾಗ 120 ದೇಶಗಳು ಪರವಾಗಿ, 7 ವಿರುದ್ಧವಾಗಿ ನಿಂತವು, 21 ತಟಸ್ಥವಾಗಿ ಉಳಿದವು. ನಮ್ಮ ಭಾರತ ತಟಸ್ಥ ದೇಶಗಳಲ್ಲಿ ಒಂದು. ಅಮೆರಿಕ ವಿರುದ್ಧ ಮತ ಹಾಕಿತು. ಎರಡೂ ದೇಶಗಳು ಇಂದಿಗೂ ಸದಸ್ಯರಲ್ಲ. ದೊಡ್ಡ ದೇಶಗಳೇ ಹೊರಗಿದ್ದರೆ ಕೋರ್ಟಿಗೆ ಬಲವೆಲ್ಲಿಂದ ಎಂಬ ಪ್ರಶ್ನೆ ಹಾಗೇ ಉಳಿದಿದೆ. ಆದರೂ 2002ರ ಜುಲೈ 1ರಿಂದ ನೆದರ್‌ಲೆಂಡ್ಸ್‌ನ ಹೇಗ್ ನಗರದಲ್ಲಿ ಆ ಕೋರ್ಟ್ ಅಸ್ತಿತ್ವಕ್ಕೆ ಬಂತು.

ಅದರ ಮೊಟ್ಟಮೊದಲ ಮೊಕದ್ದಮೆ ಕಾಂಗೋ ದೇಶದ ಥಾಮಸ್ ಲುಬಾಂಗಾ ಎಂಬ ಸೇನಾ ನಾಯಕನ ಮೇಲೆ. 15 ವರ್ಷ ತುಂಬದ ಮಕ್ಕಳ ಕೈಗೆ ಬಂದೂಕು ಕೊಟ್ಟು ಯುದ್ಧಕ್ಕೆ ನೂಕಿದ್ದೇ ಅವನ ಅಪರಾಧ. 2011ರ ಆಗಸ್ಟ್‌ನಲ್ಲಿ ಪ್ರಾಸಿಕ್ಯೂಷನ್ ಪರವಾಗಿ ಕೊನೆಯ ವಾದ ಮಂಡಿಸಿದವರಲ್ಲಿ ಫೆರೆಂಜ್ ಒಬ್ಬರು. ಆಗ ಅವರಿಗೆ 91 ವರ್ಷ. 27ರಲ್ಲಿ ವಹಿಸಿದ ಪ್ರಾಸಿಕ್ಯೂಟರ್ ಪಾತ್ರವನ್ನು 91ರಲ್ಲಿ ಮತ್ತೆ ವಹಿಸಿದರು, ಈ ಸಲ ಮಕ್ಕಳಿಗಾಗಿ. ಮರುವರ್ಷ ಲುಬಾಂಗಾನಿಗೆ 14 ವರ್ಷ ಸೆರೆವಾಸವಾಯಿತು.

ನ್ಯೂರೆಂಬರ್ಗ್ ಪ್ರಾಸಿಕ್ಯೂಟರುಗಳಲ್ಲಿ ಕೊನೆಯವರಾಗಿ ಉಳಿದಿದ್ದ ಅವರು 2023ರ ಏಪ್ರಿಲ್ 7ರಂದು, 103ನೇ ವಯಸ್ಸಿನಲ್ಲಿ ತೀರಿಕೊಂಡರು. ಹೇಗ್‌ನ ಶಾಂತಿ ಅರಮನೆಯ ಪಕ್ಕದ ಒಂದು ಕಾಲುದಾರಿಗೆ ಅವರ ಹೆಸರಿದೆ.

ನಮ್ಮ ಊರುಗಳಲ್ಲೂ ಕೋರ್ಟಿನ ವಿಚಾರಣೆ ಸಾಮಾನ್ಯವಾಗಿ ಬಾಗಿಲು ತೆರೆದೇ ನಡೆಯುತ್ತದೆ. ಮುಂದಿನ ರಜೆಯಲ್ಲಿ ಅಜ್ಜನನ್ನೋ ಅಜ್ಜಿಯನ್ನೋ ಕರೆದುಕೊಂಡು, ಅಲ್ಲಿನ ಸಿಬ್ಬಂದಿಯನ್ನು ಕೇಳಿಕೊಂಡು, ಹಿಂದಿನ ಬೆಂಚಿನಲ್ಲಿ ಸ್ವಲ್ಪ ಹೊತ್ತು ಸದ್ದಿಲ್ಲದೆ ಕೂತು ಬನ್ನಿ. ಎದ್ದು ನಿಂತ ವಕೀಲರು ಯಾರ ಪರ ಎಂದು ಮೊದಲು ಗುರುತಿಸಿ. ಆಮೇಲೆ ಅವರ ಕೈಯಲ್ಲಿರುವ ಕಾಗದದ ಕಡೆ ನೋಡಿ.