ಬೆಳಕಿನ ಮನೆಗಳ ನೆರೆಹೊರೆ

ನೀರು ತಣಿದು ಮಂಜುಗಡ್ಡೆಯಾಗುವುದನ್ನು ನಾವೆಲ್ಲರೂ ಬಲ್ಲೆವು. ಅಲೆದಾಡುತ್ತಿದ್ದ ಕಣಗಳು ಶೈತ್ಯಕ್ಕೆ ಸಿಕ್ಕಿ ಸಾಲುಗಟ್ಟಿ ನಿಲ್ಲುತ್ತವೆ. ಆದರೆ ಶೈತ್ಯಕ್ಕೂ ಒಂದು ಎಲ್ಲೆಯುಂಟು. ಸೊನ್ನೆಗಿಂತ 273.15 ಡಿಗ್ರಿ ಸೆಂಟಿಗ್ರೇಡ್ ಕೆಳಗಿರುವ ಆ ಎಲ್ಲೆಗೆ ನಿರಪೇಕ್ಷ ಶೂನ್ಯವೆಂದು ಹೆಸರು. ಪರಮಾಣುಗಳನ್ನು ಅದರ ಹೊಸ್ತಿಲಿಗೇ, ಒಂದು ಡಿಗ್ರಿಯ ಕೋಟಿಯಲ್ಲೊಂದು ಪಾಲಿಗಿಂತಲೂ ಸಮೀಪಕ್ಕೆ, ಕೊಂಡೊಯ್ದರೆ ಬೇರೊಂದು ಬಗೆಯ ಶಿಸ್ತು ತಲೆದೋರುತ್ತದೆ. ಈ ವಾರ ಅದನ್ನು ಕುರಿತು ನಾಲ್ಕು ಮಾತು.

ಕಣಗಳಲ್ಲಿ ಎರಡು ಕುಲಗಳುಂಟು. ನಮ್ಮ ಸತ್ಯೇಂದ್ರನಾಥ ಬೋಸರ ಹೆಸರು ಹೊತ್ತ ಬೋಸಾನುಗಳು ಎಷ್ಟಿದ್ದರೂ ಒಂದೇ ಸ್ಥಿತಿಯಲ್ಲಿ ನೆರೆಯಬಲ್ಲವು. ಇಟಲಿಯ ಎನ್ರಿಕೊ ಫರ್ಮಿಯ ಹೆಸರಿನ ಫರ್ಮಿಯಾನುಗಳು ಹಾಗಲ್ಲ. ಒಂದೇ ಬಗೆಯ ಎರಡು ಒಂದೇ ಸ್ಥಿತಿಯಲ್ಲಿ ಇರಲಾರವು. 1925ರಲ್ಲಿ ಪೌಲಿ ಕಂಡುಕೊಂಡ ನಿಯಮವಿದು. ಎಲೆಕ್ಟ್ರಾನು ಈ ಕುಲದ್ದು. ಲಿಥಿಯಂ-6 ಎಂಬ ಪರಮಾಣುವೂ ಈ ಕುಲದ್ದೇ.

ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಮಾರ್ಕಸ್ ಗ್ರೈನರ್ ಅವರ ತಂಡವು ಅಂಥ ಲಿಥಿಯಂ ಪರಮಾಣುಗಳನ್ನು ತಣಿಸಿ, ಲೇಸರ್ ಬೆಳಕಿನಿಂದ ಹೆಣೆದ ಜಾಲರಿಯಲ್ಲಿ ನೆಲೆಗೊಳಿಸಿದ ಪ್ರಯೋಗವನ್ನು 2017ರಲ್ಲಿ ಪ್ರಕಟಿಸಿತು. ಚದುರಂಗದ ಹಾಸಿನಂತೆ ಅದರಲ್ಲಿ ಸುಮಾರು 80 ಮನೆಗಳು; ಮನೆಗೊಂದು ಪರಮಾಣು. ಪರಮಾಣುಗಳಲ್ಲಿ ಎರಡು ಬಗೆ. ಅನುಕೂಲಕ್ಕಾಗಿ ಕೆಂಪು, ಹಸಿರು ಎನ್ನೋಣ. ಒಂದು ಬಗೆಯನ್ನು ಹೊರದೂಡಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಉಳಿದವು ಬಹುಮಟ್ಟಿಗೆ ಒಂದು ಮನೆ ಬಿಟ್ಟು ಒಂದು ಮನೆಯಲ್ಲಿ ಕುಳಿತಿದ್ದವು!

ಹಾಗೆ ಕೂರಿಸಿದವರು ಯಾರು? ಯಾರೂ ಅಲ್ಲ. ಪ್ರತಿಯೊಂದು ಪರಮಾಣುವಿಗೂ ಪಕ್ಕದ ಮನೆಗೆ ಹೋಗಿಬರುವ ಚಾಪಲ್ಯವುಂಟು. ಒಂದೇ ಮನೆಯಲ್ಲಿ ಎರಡು ನೆಲೆಸಲು ಪರಸ್ಪರ ವಿಕರ್ಷಣೆ ಬಿಡದು. ಆದರೆ ಕ್ಷಣಮಾತ್ರ ಇಣಿಕಿ ಹಿಂದಿರುಗಬಹುದು. ನೆರೆಯಲ್ಲಿರುವುದು ತನ್ನ ಬಗೆಯದೇ ಆದರೆ ಪೌಲಿಯ ನಿಯಮವು ಆ ಬಾಗಿಲನ್ನೂ ಮುಚ್ಚಿಬಿಡುತ್ತದೆ. ಬೇರೆ ಬಗೆಯದಾದರೆ ಬಾಗಿಲು ತೆರೆದಿರುತ್ತದೆ. ಆ ಹೋಗುಬರುವಿನಿಂದ ಎರಡರ ಒಟ್ಟು ಶಕ್ತಿ ತುಸು ತಗ್ಗುತ್ತದೆ. ತಣ್ಣಗಿನ ಕಣಗಳು ಕಡಮೆ ಶಕ್ತಿಯ ನೆಲೆಯನ್ನೇ ಅರಸುವುದರಿಂದ ಕೆಂಪಿನ ಪಕ್ಕದಲ್ಲಿ ಹಸಿರು, ಹಸಿರಿನ ಪಕ್ಕದಲ್ಲಿ ಕೆಂಪು. ಸರೀಕರು ಗುಂಪುಗೂಡಿದರೇ ವ್ಯವಸ್ಥೆಯೆಂದು ನಂಬಿದ ನಮಗೆ, ಭಿನ್ನರ ಬಳಕೆಯಿಂದ ಹುಟ್ಟಿದ ಈ ವ್ಯವಸ್ಥೆ ಸ್ವಲ್ಪ ಯೋಚನೆಗೆ ಹಚ್ಚಬೇಕಾದದ್ದೇ.

ಇದರಿಂದ ಲಾಭವೇನೆಂದು ಓದುಗರು ಕೇಳಬಹುದು. 1986ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಬೆಡ್ನೋರ್ಟ್ಸ್ ಮತ್ತು ಮ್ಯೂಲರ್ ಎಂಬುವರು, ತಾಮ್ರದ ಆಕ್ಸೈಡುಳ್ಳ ಪಿಂಗಾಣಿಯಂಥ ವಸ್ತುವೊಂದು, ಅದುವರೆಗೆ ತಿಳಿದಿದ್ದುದಕ್ಕಿಂತ ಹೆಚ್ಚಿನ ಉಷ್ಣತೆಯಲ್ಲಿ ವಿದ್ಯುತ್ತನ್ನು ತಡೆಯಿಲ್ಲದೆ ಹರಿಯಗೊಡುವುದನ್ನು ಕಂಡರು. ಮರುವರ್ಷವೇ ಅವರಿಗೆ ನೊಬೆಲ್ ಪಾರಿತೋಷಕ ಸಂದಿತು. ಆದರೆ ಏಕೆ ಹೀಗೆ ಎಂಬುದಕ್ಕೆ ಸರ್ವಸಮ್ಮತವಾದ ಉತ್ತರ ಇಂದಿಗೂ ಇಲ್ಲ. ಅಂಥ ವಸ್ತುಗಳ ಮೂಲರೂಪದಲ್ಲಿಯೂ ಎಲೆಕ್ಟ್ರಾನುಗಳು ಹೀಗೆಯೇ ಬಗೆಬಗೆಯಾಗಿ ಸರದಿಯಲ್ಲಿ ನಿಂತಿರುತ್ತವೆ. ಕೆಲವನ್ನು ತೆಗೆದು ಮನೆಗಳನ್ನು ತೆರವು ಮಾಡಿದಾಗ ತಡೆಯಿಲ್ಲದ ಆ ಹರಿವು ಹುಟ್ಟುತ್ತದೆ. ಅಷ್ಟು ಕಣಗಳ ಲೆಕ್ಕವನ್ನು ಚಾಚೂ ತಪ್ಪದೆ ಮಾಡುವುದು ಅತಿದೊಡ್ಡ ಗಣಕಯಂತ್ರಕ್ಕೂ ಮೀರಿದ್ದು. ಆದ್ದರಿಂದ ಪರಮಾಣುಗಳ ಕೈಯಲ್ಲೇ ಲೆಕ್ಕ ಮಾಡಿಸುವ ಉಪಾಯವಿದು.

2024ರಲ್ಲಿ ಚೀನದ ವಿಜ್ಞಾನಿಗಳು ಸುಮಾರು 8 ಲಕ್ಷ ಮನೆಗಳ, ಮೂರು ಆಯಾಮದ ಜಾಲರಿಯಲ್ಲಿ ಇದೇ ಸರದಿ ಮೂಡುವುದನ್ನು ತೋರಿಸಿದರು. ಇನ್ನು ಉಳಿದಿರುವುದು ತೆರವಾದ ಮನೆಗಳ ಒಗಟು. ಅದಕ್ಕೆ ಇನ್ನಷ್ಟು ಶೈತ್ಯ ಬೇಕು. ಇನ್ನಷ್ಟು ತಾಳ್ಮೆಯೂ ಬೇಕು. ತಂತಿಯಲ್ಲಿ ಬಿಸಿಯಾಗಿ ಕಳೆದುಹೋಗುವ ವಿದ್ಯುತ್ತನ್ನು ಉಳಿಸುವ ದಾರಿ ಒಂದು ದಿನ ಆ ಖಾಲಿ ಮನೆಯ ಬಾಗಿಲಲ್ಲೇ ತೆರೆದೀತು.