ದವಾಖಾನೆ ಪುಕ್ಕಟೆ, ಆ ದಿನದ ಕೂಲಿ?

ಊರಲ್ಲಿ ಯಾರಿಗಾದರೂ ಲಕ್ವಾ ಹೊಡೆದರೆ ಮೊದಲು ಕೇಳಿಬರುವುದು "ಬಿಪಿ ಗುಳಿಗೆ ಬಿಟ್ಟಿದ್ದನಂತೆ" ಎಂಬ ಮಾತು. ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ ಸಿಗುವಾಗ ಬಿಟ್ಟದ್ದು ಅವನದೇ ತಪ್ಪು ಎಂದು ವಿಷಯ ಮುಗಿಸುತ್ತೇವೆ. ಕಾಲೇಜು ಓದುವ ನಾವೂ ಹಾಗೇ ಹೇಳುತ್ತೇವೆ. ನನಗೆ ಇದು ಅನ್ಯಾಯದ ಮಾತು ಅನ್ನಿಸುತ್ತದೆ.

ಗುಳಿಗೆಗೆ ದುಡ್ಡಿಲ್ಲ ನಿಜ. ಆದರೆ ಅದನ್ನು ತರಲು ಹೋಗುವ ದಿನಕ್ಕೆ ಬೆಲೆ ಇದೆ. ದವಾಖಾನೆಯಲ್ಲಿ ಡಾಕ್ಟರು ಕೂಡುವುದು ಹೊಲದಲ್ಲಿ ಕೆಲಸ ನಡೆಯುವ ಹೊತ್ತಿನಲ್ಲೇ. ಜವಳಗೇರಾ ಸುತ್ತಮುತ್ತ ಭತ್ತದ ನಾಟಿ ಶುರುವಾದರೆ ಬೆಳಿಗ್ಗೆ ಟಂಟಂ ಹತ್ತಿದವರು ವಾಪಸ್ ಬರುವುದು ಸಂಜೆಗೆ. ಬಿಪಿ ಏರಿದರೆ ಮೈಗೆ ಏನೂ ಗೊತ್ತಾಗುವುದಿಲ್ಲ, ಒಂದು ಕೂಲಿ ತಪ್ಪಿದರೆ ಮಾತ್ರ ಅವತ್ತೇ ಮನೆಗೆಲ್ಲ ಗೊತ್ತಾಗುತ್ತದೆ. ಹಾಗಾಗಿ ಗುಳಿಗೆ ಮುಂದಿನ ವಾರಕ್ಕೆ, ಆಮೇಲೆ ಮುಂದಿನ ತಿಂಗಳಿಗೆ ಹೋಗುತ್ತದೆ.

2018ರಲ್ಲಿ ಬಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಒಳ್ಳೆಯ ಯೋಜನೆಯೇ. ಆದರೆ ಆ ಕಾರ್ಡು ಮುಖ್ಯವಾಗಿ ಕೆಲಸಕ್ಕೆ ಬರುವುದು ರೋಗ ಮುದಿದು ಆಸ್ಪತ್ರೆ ಸೇರಿದ ಮೇಲೆ. ರಾಯಚೂರಿನ ರಿಮ್ಸ್‌ಗೆ ಹೋಗಿಬರುವ ಖರ್ಚು, ಜೊತೆಗಿರುವವರ ಊಟ, ಇಬ್ಬರ ಕೂಲಿ ಯಾರು ಕೊಡಬೇಕು? (ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರ ಬಸ್ ಚಾರ್ಜಾದರೂ ಉಳಿದಿದೆ.) ಕ್ಷಯರೋಗಿಗೆ ಪೌಷ್ಟಿಕ ಆಹಾರಕ್ಕೆಂದು ಸರ್ಕಾರ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರ್‌ನಿಂದ ಅದು 1,000 ಆಗಿದೆ. 2025-26ರಲ್ಲಿ ನಮ್ಮ ರಾಜ್ಯದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 370. ಲೆಕ್ಕ ಹಾಕಿ, ಮೂರು ದಿನದ ಕೂಲಿಗೂ ಆ ಹಣ ಸಾಲುವುದಿಲ್ಲ. ಔಷಧಿ ನಡೆಯುವುದು ಸಾಮಾನ್ಯವಾಗಿ ಆರು ತಿಂಗಳು.

ಊಟದ ವಿಷಯವೂ ಇದೇ. ಸಿಂಧನೂರನ್ನು ಭತ್ತದ ಕಣಜ ಎನ್ನುತ್ತೇವೆ. ಅನ್ನಭಾಗ್ಯದ ಅಕ್ಕಿಯಿಂದ ಹೊಟ್ಟೆ ತುಂಬುತ್ತದೆ, ಆದರೆ ಬೇಳೆ, ಸೊಪ್ಪು, ಮೊಟ್ಟೆಗೆ ರೊಕ್ಕ ಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ನಮ್ಮ ತರಗತಿಯ ಹುಡುಗಿಯರೂ ಇದೇ ವಯಸ್ಸಿನವರು. ಸರ್ಕಾರಿ, ಅನುದಾನಿತ ಶಾಲೆಯಲ್ಲಿ ಹತ್ತನೇ ತರಗತಿವರೆಗೆ ಬಿಸಿಯೂಟ, ಮೊಟ್ಟೆ ಸಿಗುತ್ತದೆ. ಪಿಯುಸಿಗೆ ಬಂದ ಕೂಡಲೇ ನಿಲ್ಲುತ್ತದೆ, ಹದಿನಾರಕ್ಕೆ ಹಸಿವೂ ನಿಂತುಹೋಗುತ್ತದೆ ಅನ್ನುವ ಹಾಗೆ.

"ಬಡತನ ಅಲ್ಲ, ಗುಟ್ಕಾ, ಬೀಡಿ ಕಾರಣ" ಎನ್ನುವವರಿದ್ದಾರೆ. ಅವುಗಳಿಂದ ಹಾನಿ ಇಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಲಂಡನ್ನಿನ ಸರ್ಕಾರಿ ನೌಕರರ ಮೇಲೆ 1967ರಲ್ಲಿ ಶುರುವಾದ ವೈಟ್‌ಹಾಲ್ ಅಧ್ಯಯನದಲ್ಲಿ ಕೆಳಗಿನ ಹುದ್ದೆಯವರು ಮೇಲಿನ ಅಧಿಕಾರಿಗಳಿಗಿಂತ ಹೃದ್ರೋಗದಿಂದ ಹೆಚ್ಚು ಸತ್ತದ್ದು ಕಂಡುಬಂತು. ಧೂಮಪಾನ, ಬಿಪಿ ಎಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆ ಅಂತರ ಪೂರ್ತಿ ಹೋಗಲಿಲ್ಲ. ಅವರೆಲ್ಲ ತಿಂಗಳ ಪಗಾರದವರು. ಪ್ರತಿ ವಾರ ಸಂಘದ ಕಂತು ಕಟ್ಟಬೇಕಾದ ನಮ್ಮ ತಾಯಂದಿರ ನಿದ್ದೆ, ಬಿಪಿ ಹೇಗಿರುತ್ತದೆ ಎಂದು ಹೇಳಲು ಲಂಡನ್ನಿನವರೆಗೆ ಹೋಗಬೇಕಿಲ್ಲ.

ನಮ್ಮ ಜಮಾತಿನಲ್ಲಿ ಕೊಡುವ ಕೈಗಳಿಗೆ ಕೊರತೆಯಿಲ್ಲ. ಯಾರಾದರೂ ಐಸಿಯುನಲ್ಲಿದ್ದಾರೆ ಅಂದರೆ ಜುಮಾ ನಮಾಜ್ ಮುಗಿಯುತ್ತಲೇ ಚಂದಾ ಕೂಡುತ್ತದೆ. ಝಕಾತಿಗೆ ಅರ್ಹರಾದ ಎಂಟು ವರ್ಗಗಳಲ್ಲಿ ಬಡವರ ಜೊತೆ ಸಾಲಗಾರರೂ ಇದ್ದಾರೆ. ಹಾಗಿದ್ದರೆ ಸಾಲ ಆಗುವ ಮೊದಲೇ, ಟಿಬಿ ಗುಳಿಗೆ ನುಂಗುತ್ತಿರುವ ಕೂಲಿಯವನ ಮನೆಗೆ, ವಾರಕ್ಕೆ ಎರಡು ಮೂರು ಸಲ ಡಯಾಲಿಸಿಸ್‌ಗೆ ಹೋಗುವವರ ಮನೆಗೆ ತಪ್ಪಿದ ಕೂಲಿಯ ಒಂದು ಪಾಲನ್ನು ಯಾಕೆ ಕೊಡಬಾರದು? ಸದಕಾದಿಂದ ಕೊಟ್ಟರೆ ಯಾವ ಧರ್ಮದವರಿಗಾದರೂ ಕೊಡಬಹುದು.

ಕಾಲೇಜಿಗೂ ಒಂದು ಮಾತು. ಎನ್ನೆಸ್ಸೆಸ್ ಶಿಬಿರದ ಏಳು ದಿನವೂ ಹಗಲು ಹೊತ್ತು ಕಸ ಗುಡಿಸುವುದರಲ್ಲೇ ಕಳೆಯುತ್ತದೆ. ಅದರಲ್ಲಿ ಎರಡು ಸಂಜೆಯಾದರೂ ಆಶಾ ಕಾರ್ಯಕರ್ತೆಯರ ಜೊತೆ ಬಿಪಿ ಮಷಿನ್ ಹಿಡಿದು ಓಣಿ ಓಣಿ ತಿರುಗೋಣ. ಏಳು ಗಂಟೆಯ ಮೇಲೆ ಹೋದರೆ ಸಾಕು, ಕೂಲಿಯವರು ಮನೆಯಲ್ಲೇ ಸಿಗುತ್ತಾರೆ.